ಹಡಗಿನವರ ಎಡಗಿವಿ

ಕಳೆದ ತಿಂಗಳು ಕುಪ್ಪೇಲೂರಿನ ಹುಡುಗಿಯೊಬ್ಬಳು ತಾಯಿಯ ಜೊತೆ ನಮ್ಮ ಮನೆಗೆ ಬಂದಿದ್ದಳು. ನೌಕಾಪಡೆಯಲ್ಲಿರುವ ಹುಡುಗನೊಂದಿಗೆ ಅವಳ ಮದುವೆ ಗೊತ್ತಾಗಿದೆ. ಚಹಾದ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು, ಅದರೊಳಗೆ ನೋಡುತ್ತಲೇ ಕೇಳಿದಳು: “ಆಂಟಿ, ಅವರು ಹಡಗಿನ ಮ್ಯಾಲ ಇರ್ತಾರ. ನಮಗ ಏನು ಕೆಲಸ ಇರ್ತೈತ್ರಿ?”

“ಏನಿರ್ತೈತಿ, ಮನಿ ನೋಡ್ಕೊಂಡು ಸುಮ್ಮನ ಇರೂದು” ಎಂದು ಅವಳ ತಾಯಿ ನಕ್ಕರು. ಅವರು ಹೋದ ಮೇಲೆ ಕಪ್ಪು ತೊಳೆಯುತ್ತ ಯೋಚಿಸಿದೆ. ಸುಮ್ಮನಿರುವುದೂ ಒಂದು ಕೆಲಸವೇ, ಅದನ್ನು ಕಲಿಯಲು ನನಗೆ ಬಹಳ ವರ್ಷ ಹಿಡಿಯಿತು. ನಮ್ಮ ಮನೆಯವರು ನೌಕಾಪಡೆಯಿಂದ ನಿವೃತ್ತರಾದ ದಿನವೇ ನಾನೂ ನಿವೃತ್ತಳಾದೆ ಎಂದು ಅಂದುಕೊಂಡಿದ್ದೆ. ನನ್ನ ಕೆಲಸದ ಕಠಿಣ ಭಾಗ ಶುರುವಾದದ್ದು ಆಮೇಲೆ. ಆ ಹುಡುಗಿಗೆ ಬಾಯಿಂದ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಬರೆಯಲು ನಮ್ಮವರ ಒಪ್ಪಿಗೆಯೂ ಇದೆ.

ನಾನು ರಾಣೆಬೆನ್ನೂರಿನವಳು, ಅಲ್ಲಿಯ ಕಾನ್ವೆಂಟಿನಲ್ಲಿ ಓದಿದವಳು. ನಮ್ಮ ಸಿಸ್ಟರೊಬ್ಬರು ಮೇಜಿನ ಮೇಲೆ ಒಂದು ತಟ್ಟೆಯಿಟ್ಟು, ಅದರ ಮೇಲಿನ ಬಟ್ಟೆಯನ್ನು ಒಂದು ಕ್ಷಣ ಸರಿಸಿ ಮತ್ತೆ ಮುಚ್ಚುತ್ತಿದ್ದರು. ಸೂಜಿ, ಗುಂಡಿ, ಬಳಪ, ಒಣಗಿದ ಎಲೆ, ಏನೇನಿತ್ತು ಹೇಳಿ ಎನ್ನುತ್ತಿದ್ದರು. ಆ ಆಟ ನನ್ನ ಮೈಗೆ ಹತ್ತಿತು. ಮುಂದೆ ಸಂಸಾರದಲ್ಲಿ ಉಪಯೋಗಕ್ಕೆ ಬಂದದ್ದು ಇಂಗ್ಲಿಷಿಗಿಂತ ಅದೇ ಹೆಚ್ಚು.

ಮದುವೆಯಾಗಿ ಬಂದದ್ದು ಬ್ಯಾಡಗಿಗೆ. ನಮ್ಮವರ ಹೆಸರು ಫಕ್ಕೀರಪ್ಪ. ಹಡಗಿನ ಎಂಜಿನ್ ಕೋಣೆಯಲ್ಲಿ ಕೆಲಸಕ್ಕೆ ಸೇರಿದವರು, ಕೆಲವು ವರ್ಷಗಳ ನಂತರ ಕಮಾಂಡೊ ತರಬೇತಿಗೆ ತಾವಾಗಿಯೇ ಹೆಸರು ಕೊಟ್ಟರು. ನನಗೆ ಇಬ್ಬರು ಮೇಲಧಿಕಾರಿಗಳು. ಮನೆಯಲ್ಲಿ ಅತ್ತೆಯವರು. ಸ್ವಲ್ಪ ಕಾಲ ಮುಂಬಯಿಯ ನೌಕಾ ವಸತಿಯಲ್ಲಿದ್ದಾಗ ಒಬ್ಬ ಅಧಿಕಾರಿಯ ಹೆಂಡತಿ.

ಮುಂಬಯಿಗೆ ಹೋಗುವ ಮೊದಲು ಕಾಗದ ಬರೆಯುವುದರಲ್ಲಿ ನಾನು ದೊಡ್ಡ ತಪ್ಪು ಮಾಡಿದ್ದೆ. ಮನೆಯ ಸುದ್ದಿಯೆಲ್ಲವನ್ನೂ ಅದು ನಡೆದ ದಿನವೇ ಬರೆದು ಹಾಕುತ್ತಿದ್ದೆ. ಹಡಗು ದಡಕ್ಕೆ ಬಂದಾಗ ಅವರ ಕೈಗೆ ಕಾಗದಗಳ ಕಟ್ಟು ಒಮ್ಮೆಗೇ ಸಿಗುತ್ತಿತ್ತು. ಅವರು ಮೊದಲು ಒಡೆದದ್ದು “ಅತ್ತೆಯವರು ಈಗ ಎದ್ದು ಕೂಡುತ್ತಾರೆ, ಗಂಜಿ ಕುಡಿಯುತ್ತಾರೆ” ಎಂದಿದ್ದ ಕಾಗದವನ್ನು. ಅತ್ತೆಯವರಿಗೆ ಏನಾಗಿತ್ತು ಎಂಬುದು ಕಟ್ಟಿನ ತಳದಲ್ಲಿತ್ತು. ಅಧಿಕಾರಿಯ ಹೆಂಡತಿ ಇದನ್ನು ಕೇಳಿ ಬೇಸರ ಮಾಡಿಕೊಳ್ಳಲಿಲ್ಲ. ಕಾಗದದ ಹೊರಗೇ ಒಂದು, ಎರಡು ಎಂದು ಸಂಖ್ಯೆ ಹಾಕಲು ಕಲಿಸಿದರು. ಕೆಟ್ಟ ಸುದ್ದಿಯಿದ್ದರೆ ನಡುವೆ ಬರೆ, ಕೊನೆಯ ಸಾಲು ಅಡಿಗೆಯದಿರಲಿ ಎಂದರು. ಅಂದಿನಿಂದ ನನ್ನ ಕಾಗದಗಳೆಲ್ಲ ಪಲ್ಯ ಅಥವಾ ರೊಟ್ಟಿಯಲ್ಲಿ ಮುಗಿಯುತ್ತಿದ್ದವು.

ಆಮೇಲೆ ಎಸ್‌ಟಿಡಿ ಬೂತು ಬಂತು. ಬ್ಯಾಡಗಿಯ ಬೂತಿನಲ್ಲಿ ಗಂಡನ ಜೊತೆ ಮಾತಾಡುವುದೆಂದರೆ ಓಣಿಯ ಜೊತೆ ಮಾತಾಡಿದ ಹಾಗೆ. ನಾನು ಮೆಲ್ಲಗೆ ಮಾತಾಡಿದರೆ ಬೂತಿನ ಮಾಲೀಕರೇ “ಜೋರಾಗಿ ಮಾತಾಡ್ರಿ ಅಕ್ಕಾರ, ಅವರಿಗೆ ಕೇಳಸೂದಿಲ್ಲ” ಎನ್ನುತ್ತಿದ್ದರು. ಮೆಣಸಿನಕಾಯಿಯ ಸುಗ್ಗಿಯಾದರೆ ಆ ಕಡೆ ಅವರು ಹಲೋ ಹಲೋ ಎಂದದ್ದು, ಈ ಕಡೆ ನಾನು ಘಾಟಿಗೆ ಕೆಮ್ಮಿದ್ದೇ ಹೆಚ್ಚು. ಮೊಬೈಲು ಕೈಗೆ ಬಂದದ್ದು ಅವರು ನಿವೃತ್ತರಾಗುವ ಹೊತ್ತಿಗೆ.

ಎರಡು ಸಾವಿರದ ಇಸವಿಯ ಆಚೀಚೆ ಅವರನ್ನು ಕಾಶ್ಮೀರಕ್ಕೆ ಕಳಿಸಿದರು. ಅಲ್ಲಿ ಒಂದು ದೊಡ್ಡ ಸರೋವರ, ಅದರ ದಂಡೆಯ ಹಳ್ಳಿಗಳಲ್ಲಿ ಗಸ್ತು. ನನಗೆ ಬಂದ ಕಾಗದದಲ್ಲಿದ್ದದ್ದು ಇಷ್ಟೇ: “ಈಗ ನಾನು ನೆಲದ ಮೇಲಿದ್ದೇನೆ. ಚಿಂತೆ ಮಾಡಬೇಡ.” ನಾನು ಚಿಂತೆ ಮಾಡಲಿಲ್ಲ. ಇಷ್ಟು ವರ್ಷ ನಾವು ಅಂಜಿದ್ದು ನೀರಿಗೆ. ಅತ್ತೆಯವರಿಗೆ ಓದಿ ಹೇಳಿದೆ. “ನೆಲಾ ಮುಟ್ಟಿದ ನನ ಮಗ” ಎಂದು ಅವರು ಕದರಮಂಡಲಗಿಯ ಆಂಜನೇಯನಿಗೆ ಪೂಜೆ ಮಾಡಿಸಿ, ಬರುವಾಗ ನನಗೆ ಬಳೆ ತಂದರು. ಹಡಗಿನವರ ಮನೆಯವರಿಗೆ ಮಾತ್ರ ಇಂಥ ತಪ್ಪು ಮಾಡಲು ಸಾಧ್ಯ. ಅವರ ಇಡೀ ನೌಕರಿಯಲ್ಲಿ ನಾನು ನೆಮ್ಮದಿಯಿಂದ ನಿದ್ದೆ ಮಾಡಿದ ತಿಂಗಳುಗಳು ಅವು.

ಒಂದು ಸೇಬಿನ ತೋಟದೊಳಗಿನ ಮನೆಯಲ್ಲಿ ಗುಂಡಿನ ಕಾಳಗವಾಯಿತು. ಗಾಯಗೊಂಡು ಅಂಗಳದಲ್ಲಿ ಬಿದ್ದಿದ್ದ ಇಬ್ಬರು ಜೊತೆಗಾರರನ್ನು ನಮ್ಮವರು ಗುಂಡಿನ ನಡುವೆಯೇ ಒಬ್ಬೊಬ್ಬರನ್ನೇ ಎಳೆದು ತಂದರು. ಮೂರನೆಯವನಿಗಾಗಿ ಹೋಗುವಾಗ ಕೈಬಾಂಬು ಸಿಡಿಯಿತು. ಇದು ನನಗೆ ಗೊತ್ತಾದದ್ದು ಆಮೇಲೆ ಅವರಿಗೆ ಬಂದ ಶೌರ್ಯ ಪದಕದ ಜೊತೆ ಓದುವ ಪ್ರಶಂಸಾಪತ್ರದಿಂದ. ಅದನ್ನು ನಾನು ಕನ್ನಡ ಮಾಡಿ ಅತ್ತೆಯವರಿಗೆ ಹೇಳುತ್ತಿದ್ದಾಗ ನಮ್ಮವರು ಎದ್ದು ಹಿತ್ತಲಿಗೆ ಹೋದರು. ಆಮೇಲೆ ಒಂದೇ ಮಾತು ಅಂದರು: “ಮೂರನೇದವನ ಹೆಸರು ಅದರಾಗ ಬರದಿಲ್ಲ ನೋಡು.” ಅದರ ಮೇಲೆ ನಾನು ಕೇಳಲಿಲ್ಲ. ಕೇಳದೇ ಇರುವುದು ಯಾವಾಗ, ಕೇಳಲೇಬೇಕಾದದ್ದು ಯಾವಾಗ ಎಂಬುದನ್ನು ಯಾವ ಮೇಲಧಿಕಾರಿಯೂ ಕಲಿಸುವುದಿಲ್ಲ.

ಪದಕ ಹಿಡಿದು ಊರಿಗೆ ಬಂದ ಆ ರಜೆಯಲ್ಲಿ ನಾನು ಕೆಲವು ಸಂಗತಿ ಕಂಡೆ. ನಡೆಯುವಾಗ ಅವರು ಯಾವಾಗಲೂ ನನ್ನನ್ನು ಬಲಗಡೆಗೆ ಬಿಟ್ಟುಕೊಳ್ಳುತ್ತಿದ್ದರು. ಹೋಟೆಲಿನಲ್ಲಿ ಎಡಗಡೆ ಗೋಡೆಯಿರುವ ಜಾಗವನ್ನೇ ಹುಡುಕುತ್ತಿದ್ದರು. ಬೂತಿಗೆ ಅವರ ಫೋನು ಬಂದರೆ ಎಡಗೈಯಲ್ಲಿ ಎತ್ತಿ ಬಲಗಿವಿಗೆ ದಾಟಿಸುತ್ತಿದ್ದರು. ಒಂದು ಮಧ್ಯಾಹ್ನ ಬಲಗಿವಿ ದಿಂಬಿಗೊತ್ತಿ ಮಲಗಿದ್ದರು, ಎಚ್ಚರವಿದ್ದರು, ಕಣ್ಣು ತೆರೆದೇ ಇತ್ತು. ಅಡುಗೆಮನೆಯಲ್ಲಿ ಕುಕ್ಕರು ಕೂಗಿತು. ಅವರ ರೆಪ್ಪೆಯೂ ಅಲುಗಲಿಲ್ಲ.

ನಾನು ಕುಕ್ಕರು ಇಳಿಸಿ ಬಾಗಿಲಲ್ಲಿ ನಿಂತೆ. ಅವರು ನನ್ನನ್ನು ನೋಡಿ ಎದ್ದು ಕೂತರು. ಇಲಾಖೆಯ ವೈದ್ಯರಿಗೆ ಆ ಕಿವಿಯ ಸಂಗತಿ ಗೊತ್ತಿತ್ತು, ಅದಕ್ಕೇ ಕೊನೆಯ ವರ್ಷಗಳಲ್ಲಿ ಉಗ್ರಾಣದ ಕೆಲಸ ಕೊಟ್ಟಿದ್ದರು ಎಂಬುದು ನನಗೆ ತಿಳಿದದ್ದು ಬಹಳ ಆಮೇಲೆ.

ಹಾವೇರಿಯಲ್ಲಿ ಸತ್ಕಾರವಾಯಿತು. ವೇದಿಕೆಯ ಹಿಂದೆ ಒಂದು ದೊಡ್ಡ ಹಡಗಿನ ಚಿತ್ರ, ಅದರಿಂದ ಬೆಂಕಿ ಉಗುಳುವ ತೋಪುಗಳು. ನಿರೂಪಕರು ನಮ್ಮವರ ಎಡಗಡೆ ನಿಂತು, ಅರಬ್ಬೀ ಸಮುದ್ರದಲ್ಲಿ ಬಿರುಗಾಳಿಯ ನಡುವೆ ಅವರು ಶತ್ರುವಿನ ಹಡಗನ್ನು ಹೇಗೆ ಮುಳುಗಿಸಿದರು ಎಂದು ಬಣ್ಣಿಸಿದರು. ನಡುನಡುವೆ ಇವರತ್ತ ತಿರುಗಿ “ಹೌದಲ್ರೀ?” ಎಂದಾಗಲೆಲ್ಲ ಇವರು ವಿನಯದಿಂದ ತಲೆಯಾಡಿಸಿದರು. ಸಭೆ ಚಪ್ಪಾಳೆ ತಟ್ಟಿತು. ನನ್ನ ಪಕ್ಕದಲ್ಲಿ ಕೂತ ಹೆಂಗಸು “ಅಷ್ಟೂ ಖರೇ ಐತಿ ನೋಡ್ರಿ, ಅವರ ಹೌದಂದ್ರು” ಎಂದರು. ಭಾಷಣ ಮಾಡಿರೆಂದಾಗ ಇವರು ಎದ್ದು, “ಎಲ್ಲಾರಿಗೂ ನಮಸ್ಕಾರ. ಈ ವರ್ಷ ಮಳಿ ಚಲೋ ಆಗ್ಲಿ” ಎಂದು ಕೂತುಬಿಟ್ಟರು.

ಹಾವೇರಿಯವರು ದೊಡ್ಡವರಿಗೆ ಹಾಕುವ ಏಲಕ್ಕಿ ಹಾರವನ್ನು ಇವರಿಗೂ ಹಾಕಿದ್ದರು. ಅದನ್ನು ಗಾಜಿನ ಪೆಟ್ಟಿಗೆಯಲ್ಲಿಡಬೇಕೆಂದು ನನ್ನ ಆಸೆ. ಅತ್ತೆಯವರು ಅದನ್ನು ದೇವರ ಮನೆಯ ಮೊಳೆಗೆ ತೂಗುಹಾಕಿ, ನೋಡಲು ಬಂದವರ ಚಹಾಕ್ಕೆಲ್ಲ ಅದರಿಂದಲೇ ಏಲಕ್ಕಿ ಕಿತ್ತು ಹಾಕಿದರು. “ಅವನ್ನ ನೋಡಾಕ ಬಂದಾರ, ಅವನ ಹಾರದ್ದ ಕುಡೀಲಿ ಬಿಡವಾ” ಎಂದರು. ದೀಪಾವಳಿಯ ಹೊತ್ತಿಗೆ ಮೊಳೆಯಲ್ಲಿ ಉಳಿದದ್ದು ಜರಿ ಮತ್ತು ಮಣಿ. ಮನೆಯ ಚಹಾಕ್ಕೆ ಅಷ್ಟು ಒಳ್ಳೆಯ ಹೆಸರು ಮತ್ತೆ ಬರಲಿಲ್ಲ.

ನಿವೃತ್ತರಾಗಿ ಬಂದವರು ಬ್ಯಾಡಗಿಯಲ್ಲೇ ಪಂಪ್‌ಸೆಟ್ ರಿಪೇರಿ ಅಂಗಡಿ ಹಾಕಿದರು. ಎಂಜಿನ್ ಕಂಡರೆ ಅವರ ಮುಖ ಅರಳುತ್ತದೆ. ಆದರೆ ನಮ್ಮ ಕಡೆ ದಾರಿಯಲ್ಲಿ ಹೋಗುವವರನ್ನು ಕೂಗಿ ಮಾತಾಡಿಸದೆ ಯಾರೂ ಬಿಡುವುದಿಲ್ಲ. ಕೂಗಿದವರಿಗೆ ಓಗೊಡದೆ ಹೋದರೆ ಅದೊಂದು ತೀರ್ಪು, ನೀನು ನನಗೆ ಲೆಕ್ಕಕ್ಕಿಲ್ಲ ಎಂದು. ಎಡಗಡೆಯ ಅಂಗಡಿಗಳವರು ಕೂಗಿದರು, ಇವರು ನೆಟ್ಟಗೆ ನಡೆದುಬಿಟ್ಟರು. ಅಂಗಡಿಗೆ ಬಂದ ರೈತರು ಎಡಗಡೆ ನಿಂತು ಮಾತಾಡಿದರೆ ಇವರು ತಲೆಯಾಡಿಸಿ ಬೇರೇನೋ ಮಾಡಿದರು. “ಪದಕಾ ಬಂದ ಮ್ಯಾಲ ಫಕ್ಕೀರಪ್ಪಗ ಸೊಕ್ಕು ಬಂದೈತಿ” ಎಂಬ ಮಾತು ಹುಟ್ಟಿತು. ಹಾಲಿನವಳು ನನಗೇ ಹೇಳಿದಳು.

ಆಗ ನಾನು ಅವರ ಎಡಗಡೆ ನಡೆಯಲು ಶುರು ಮಾಡಿದೆ. ಅವರು ಬಲಗಡೆಗೆ ಬಿಟ್ಟುಕೊಂಡರೂ ಸೆರಗು ಸರಿಮಾಡುವ ನೆಪದಲ್ಲಿ ದಾಟಿಬಿಡುತ್ತಿದ್ದೆ. ಯಾರಾದರೂ ಕೂಗಿದರೆ “ನೋಡ್ರಿ, ಮಲ್ಲಣ್ಣಾರು ಚಾಕ್ಕ ಕರ್ಯಾಕತ್ತಾರ” ಎಂದು ಜೋರಾಗಿ ಹೇಳುತ್ತಿದ್ದೆ. ಅವರು ತಿರುಗಿ ಕೈಮುಗಿಯುತ್ತಿದ್ದರು. ಆದರೂ ನಾವಿಬ್ಬರೂ ಅದರ ಬಗ್ಗೆ ಮಾತಾಡಲಿಲ್ಲ. ಸಂಜೆ ಅಂಗಡಿಗೆ ಹೋಗಿ ಎಡಗಡೆ ಸ್ಟೂಲು ಹಾಕಿ ಸೊಪ್ಪು ಸೋಸುತ್ತ ಕೂಡುತ್ತಿದ್ದೆ. ಒಂದು ಕಿವಿಯ ಕೆಲಸ ಮಾಡಲು ಅಷ್ಟು ಸಾಕು ಎಂದುಕೊಂಡೆ.

ಸಾಕಾಗಲಿಲ್ಲ. ತಾಯಿಗೆ ಹುಷಾರಿಲ್ಲವೆಂದು ನಾನು ರಾಣೆಬೆನ್ನೂರಿಗೆ ಹೋಗಿದ್ದ ವಾರದಲ್ಲೇ ಅದಾಯಿತು.

ಮೌಲಾಲಿ ನಮ್ಮವರ ಬಾಲ್ಯದ ಗೆಳೆಯ, ಮೆಣಸಿನಕಾಯಿ ಮಾರುಕಟ್ಟೆಯಲ್ಲಿ ತೂಕದ ಕೆಲಸ. ಇಬ್ಬರೂ ಒಂದೇ ಬಾವಿಯಲ್ಲಿ ಈಜು ಕಲಿತವರು. ಇವರು ನೌಕಾಪಡೆಗೆ ಸೇರಿದ್ದೇ ತಾನು ಆ ಬಾವಿಗೆ ನೂಕಿದ್ದರಿಂದ ಎಂದು ಮೌಲಾಲಿಯ ವಾದ. ಅವರ ಹಿರಿಯ ಮಗಳು ರೇಷ್ಮಾಳ ಮದುವೆ ಗೊತ್ತಾಗಿತ್ತು. ಕಾರ್ಡಿನಲ್ಲಿ ಶುಕ್ರವಾರ ಎಂದಿತ್ತು. ಆ ದಿನ ಶಾಮಿಯಾನ ಸಿಗದೆ ಗುರುವಾರಕ್ಕೇ ಇಟ್ಟುಕೊಂಡರು. ಇಂಥದ್ದನ್ನು ನಮ್ಮ ಕಡೆ ಬೇರೆಯವರ ಕೈಲಿ ಹೇಳಿ ಕಳಿಸುವುದಿಲ್ಲ, ಫೋನಿನಲ್ಲೂ ಹೇಳುವುದಿಲ್ಲ. ಮನೆಯವನೇ ಹೋಗಿ ಬಾಯಿಂದ ಹೇಳಬೇಕು. ಮೌಲಾಲಿ ನಮ್ಮ ಅಂಗಡಿಗೆ ಬಂದಾಗ ಡೀಸೆಲ್ ಎಂಜಿನ್ನೊಂದು ಓಡುತ್ತಿತ್ತು. ಅವರು ನಿಂತದ್ದು ಎಡಗಡೆ. ನಿಕಾಹ್ ಗುರುವಾರ ಆಗಿದೆ, ಬೀಗರನ್ನು ಎದುರುಗೊಳ್ಳಲು ಬಾಗಿಲಲ್ಲಿ ನೀನೇ ನಿಲ್ಲಬೇಕು, ಕೋಟಿಗೆ ಪದಕ ಹಾಕಿಕೊಂಡು ಬಾ ಎಂದು ಹೇಳಿದರು. ನಮ್ಮವರು ಎಂಜಿನ್ನಿನಿಂದ ಕಣ್ಣೆತ್ತಿ, ಗೆಳೆಯನನ್ನು ನೋಡಿ ನಕ್ಕು, ತಲೆಯಾಡಿಸಿದರು.

ಶುಕ್ರವಾರ ನಾನು ರಾಣೆಬೆನ್ನೂರಿನಿಂದ ಬಂದು ರೇಷ್ಮೆ ಸೀರೆ ಉಟ್ಟೆ. ಅವರು ತಾವಾಗಿಯೇ ಕೋಟು ಹಾಕಿ ಪದಕ ಧರಿಸಿದರು. ಪದಕವನ್ನು ಅವರು ತಾವಾಗಿ ಹಾಕಿಕೊಂಡದ್ದು ಅದೊಂದೇ ಸಲ. ಮೌಲಾಲಿಯ ಓಣಿಗೆ ಹೋದರೆ ಶಾಮಿಯಾನ ಬಿಚ್ಚುತ್ತಿದ್ದರು. ಒಬ್ಬ ಕಂಬಗಳನ್ನು ಗಾಡಿಗೆ ಹೇರುತ್ತಿದ್ದ. ಅಂಗಳದಲ್ಲಿ ದೊಡ್ಡ ಪಾತ್ರೆಗಳನ್ನು ಬೂದಿ ಹಚ್ಚಿ ತಿಕ್ಕುತ್ತಿದ್ದರು.

ಮೌಲಾಲಿ ಹೊರಗೆ ಬಂದರು. ಕೈಯಿಂದ ಎರಡು ಕುರ್ಚಿ ಒರೆಸಿದರು.

“ಬರ್ರಿ ಸಾಹೇಬ್ರ, ಕುಂದ್ರಿ” ಎಂದರು. “ದೊಡ್ಡ ಮಂದಿ ನೀವು. ಬಂದ್ರೆಲ್ಲ, ಅದ ದೊಡ್ಡದು.”

ಹುಟ್ಟಿದಾಗಿನಿಂದ ಲೇ ಎಂದವರು ರೀ ಎಂದರು. ನಮ್ಮವರಿಗೆ ಅದು ಸರಿಯಾಗಿ ಕೇಳಿಸಿತು. ಮೌಲಾಲಿಯ ಹೆಂಡತಿ ಹಸೀನಾ ಚಹಾ ತಂದು, ನನ್ನ ಕಿವಿಯಲ್ಲಿ ಮೆಲ್ಲಗೆ ಹೇಳಿದರು: “ಅಂಗಡಿಗೆ ಬಂದು ಹೇಳಿ ಹೋಗಿದ್ರಲ್ಲವಾ. ನಿನ್ನಿ ಬೀಗರು ಬಾಗಲಾಗ ನಿಂತು ಬಿಟ್ರು. ಇವರು ‘ನನ್ನ ದೋಸ್ತ ಬರ್ತಾನ, ತಡೀರಿ, ತಡೀರಿ’ ಅಂತ ನಿಲ್ಲಿಸಿದ್ರು. ಎಲ್ಲಾರೂ ನಕ್ರು.”

ಮನೆಗೆ ಬಂದು ಕೋಟು ಬಿಚ್ಚುವಾಗ ಅವರಿಗೆ ಪದಕದ ಪಿನ್ನು ಬಿಡಿಸಲು ಬರಲಿಲ್ಲ. ನಾನು ಬಿಡಿಸಿದೆ. ಆಗ ಮೊದಲ ಸಲ ಬಾಯಿ ಬಿಟ್ಟು ಹೇಳಿದೆ.

“ಕಿವಿ ಸಂಗ್ತಿ ಹೇಳಿಬಿಡ್ರಿ ಅವರಿಗೆ.”

ನನಗೆ ಹೇಗೆ ಗೊತ್ತು ಎಂದು ಅವರು ಕೇಳಲಿಲ್ಲ. “ನಮ್ಮ ಮನಿಗೆ ಏನಂತಾರ ಊರಾಗ?” ಎಂದರು.

“ಕುಂಟನವರ ಮನಿ ಅಂತಾರ.”

“ನಮ್ಮ ಮುತ್ಯಾ, ನಮ್ಮಪ್ಪನ ಅಪ್ಪ, ಚಕ್ಕಡಿ ಗಾಡಿಯಿಂದ ಬಿದ್ದು ಒಂದು ಸುಗ್ಗಿ ಕುಂಟಿದ್ದ, ಅಷ್ಟ. ಆಮ್ಯಾಲ ಕುಸ್ತಿ ಆಡಿದ. ನಾವು ಇನ್ನೂ ಕುಂಟನವರ. ಕಿವುಡ ಅನ್ನೂದು ಹತ್ತಿದ್ರ ನನ್ನ ಮೊಮ್ಮಕ್ಕಳ ಮಟಾ ಹೋಗಂಗಿಲ್ಲ. ಪದಕಾ ಪೆಟಿಗ್ಯಾಗ ಇರ್ತೈತಿ, ಹೆಸರು ಓಣ್ಯಾಗ ಇರ್ತೈತಿ.”

“ಗುಂಡಿಗೆ ಅಂಜಲಿಲ್ಲ, ಓಣಿಗೆ ಅಂಜತೀರೆಲ್ಲ” ಎಂದೆ.

“ಗುಂಡು ಒಮ್ಮೆ ಬರ್ತೈತಿ” ಎಂದರು.

ನಾನು ಹೋಗಿ ಹಸೀನಾಗೆ ಹೇಳಿಬಿಡಬಹುದಿತ್ತು. ಎರಡು ಸಲ ಚಪ್ಪಲಿ ಮೆಟ್ಟಿ ಬಾಗಿಲವರೆಗೆ ಹೋದೆ. ಆದರೆ ಅದು ಅವರ ಕಿವಿ, ಅವರ ಗೆಳೆಯ. ಅವರ ಬಾಯಿಂದ ಬಂದರೆ ಮಾತ್ರ ಅದು ಮಾತು, ನನ್ನಿಂದ ಹೋದರೆ ಸುದ್ದಿ. ಹುಡುಗಿಯರೇ, ಈ ಕೆಲಸದಲ್ಲಿ ನನಗೆ ಅತ್ಯಂತ ಕಷ್ಟವಾದದ್ದು ಹಡಗು ಹೋದ ದಿನಗಳಲ್ಲ, ಆ ಬಾಗಿಲಿನಿಂದ ಎರಡು ಸಲ ಮರಳಿದ್ದು.

ಮೌಲಾಲಿ ನಮ್ಮ ಅಂಗಡಿಯ ಮುಂದೆ ಬರುವುದನ್ನು ಬಿಟ್ಟು ಹಿಂದಿನ ಓಣಿಯಿಂದ ಮಾರುಕಟ್ಟೆಗೆ ಹೋಗತೊಡಗಿದರು. ನಮ್ಮವರು ಸಂಜೆ ಬೇಗ ಬಾಗಿಲು ಹಾಕಿ ಬರುತ್ತಿದ್ದರು. ಎಂಜಿನ್ ಬಿಚ್ಚಿದವರು ಜೋಡಿಸಲು ಮರೆಯುತ್ತಿದ್ದರು. ತಟ್ಟೆಯಲ್ಲಿ ಅರ್ಧ ರೊಟ್ಟಿ ಉಳಿಯುತ್ತಿತ್ತು. ನಾನು ಅದನ್ನು ನೋಡುತ್ತಿದ್ದೆ, ತೆಗೆದಿಡುತ್ತಿದ್ದೆ.

ಒಂದು ಸಂಜೆ ಅತ್ತೆಯವರು ಕಟ್ಟೆಯ ಮೇಲೆ ಕೂತು ಮಗನನ್ನು ಏನೋ ಕೇಳಿದರು. ಕೂತದ್ದು ಎಡಗಡೆ. ಇವರು ತಲೆಯಾಡಿಸಿ ಒಳಗೆ ಬಂದರು. ಅತ್ತೆಯವರು ಹಿಂದೆಯೇ ಬಂದು ಎದುರು ನಿಂತರು. ಅವರ ದನಿ ಬಹಳ ಸಣ್ಣದಾಗಿತ್ತು.

“ಮಂದಿ ಅನ್ನಾಕತ್ತಾಗ ನಾ ನಂಬಿರಲಿಲ್ಲೋ ಫಕ್ಕೀರಾ. ನಾ ಉಂಡೇನೋ ಇಲ್ಲೋ ಅಂತ ಯಾವಾಗರ ಕೇಳ್ತಿ ಏನು ಅಂತ ಕೇಳಿದೆ. ಹೂಂ ಅಂತ ತಲಿ ಹಾಕಿ ಹ್ವಾದಿ. ನನ್ನ ಕೂಡನೂ ದೊಡ್ಡ ಮನಷ್ಯಾ ಆದೇನು?”

ಅವರು ತಾಯಿಯ ಕೈ ಹಿಡಿದು ಮಂಚದ ಮೇಲೆ ಕೂಡಿಸಿ, ತಾವು ಕೆಳಗೆ ಕೂತು, ತಮ್ಮ ಎಡಗಿವಿಗೆ ಆ ಕೈಯನ್ನು ಮುಟ್ಟಿಸಿದರು. “ಅವ್ವಾ, ಇದು ಸತ್ತೈತಿ” ಎಂದರು. ಅತ್ತೆಯವರು ಅಳಲಿಲ್ಲ. ಆ ಕಿವಿಯನ್ನು ಹಿಂದೆ ಮುಂದೆ ಮಾಡಿ ನೋಡಿ, ಹೊರಗೆ ಏನೂ ಆಗಿಲ್ಲವೆಂದು ಖಾತ್ರಿ ಮಾಡಿಕೊಂಡು, “ಇಷ್ಟ ಏನು? ಸೊಕ್ಕಲ್ಲಲ್ಲ?” ಎಂದರು. “ಸೊಕ್ಕಿಗೆ ಔಷಧ ಇಲ್ಲಪಾ. ಕಿವುಡಿಗೆ ಜೋರಾಗಿ ಕೂಗಿದ್ರ ಆತು.”

ನಮ್ಮವರು ಅಲ್ಲಿಂದೆದ್ದು ಮುಖ ತೊಳೆದುಕೊಂಡರು. “ಚಪ್ಪಲಿ ಹಾಕ್ಕೊ. ಮೌಲಾನ ಮನಿಗೆ ಹೋಗಿ ಬರೂಣು” ಎಂದರು. ದಾರಿಯಲ್ಲಿ ನನ್ನನ್ನು ಎಡಗಡೆಗೆ ತಾವೇ ಬಿಟ್ಟುಕೊಂಡರು.

ಮೌಲಾಲಿ ಅಂಗಳದಲ್ಲಿದ್ದರು. ಮತ್ತೆ ಅದೇ “ಬರ್ರಿ ಸಾಹೇಬ್ರ”, ಮತ್ತೆ ಕುರ್ಚಿ ಒರೆಸಿದ್ದು. ನಮ್ಮವರ ಎಡಗಡೆಯ ಕುರ್ಚಿಯಲ್ಲಿ ಮೌಲಾಲಿ ಕೂತರು. ನಾನು ಹಸೀನಾಳ ಜೊತೆ ಬಾಗಿಲ ಬಳಿ. ಕೊನೆಗೆ ಹಸೀನಾ ತಾವೇ ಗಂಡನಿಗೆ “ಹೊಟ್ಟ್ಯಾಗ ಇಟ್ಕೊಂಡು ನನ್ನ ಮ್ಯಾಲ ಹಾಯ್ತೀರಿ ದಿನಾ. ಅವರು ಬಂದಾರ, ಅವರಿಗೇ ಅಂದುಬಿಡ್ರಿ” ಎಂದರು.

ಮೌಲಾಲಿ ಅಂದರು. ನೆಲ ನೋಡುತ್ತ ತಗ್ಗಿದ ದನಿಯಲ್ಲಿ ಶುರು ಮಾಡಿದರು. ಬಾವಿಯಿಂದ ಹಿಡಿದು ಹೇಳಿದರು. ಕಾಶ್ಮೀರದ ಸುದ್ದಿ ಬಂದ ದಿನ ತಾವು ದರ್ಗಾಕ್ಕೆ ಬರಿಗಾಲಲ್ಲಿ ನಡೆದದ್ದು, ಬೀಗರ ಮುಂದೆ ಬಾಗಿಲಲ್ಲಿ ನಿಂತದ್ದು, ರೇಷ್ಮಾ ಹೊರಡುವಾಗ ‘ಚಾಚಾ ಬರಲಿಲ್ಲೇನು’ ಎಂದು ಕೇಳಿದ್ದು. ಹಸೀನಾ ಸೆರಗಿನಿಂದ ಕಣ್ಣೊರೆಸಿಕೊಂಡರು, ನಾನೂ ಒರೆಸಿಕೊಂಡೆ. ನಮ್ಮವರು ಮಾತ್ರ ಎದುರಿನ ಬೇವಿನ ಗಿಡ ನೋಡುತ್ತ ಕೂತಿದ್ದರು. ಮೌಲಾಲಿ ಮುಗಿಸಿ, ಉತ್ತರಕ್ಕಾಗಿ ತಲೆಯೆತ್ತಿದರು.

ನಮ್ಮವರು ಪೂರ್ತಿ ತಿರುಗಿ ಕೂತರು.

“ಮೌಲಾ, ನೀ ಮಾತಾಡಿದಿ ಅನ್ನೂದು ಈಗ ನಿನ್ನ ಮುಖಾ ನೋಡಿ ಗೊತ್ತಾತು. ಏನಂದಿ ಅನ್ನೂದು ಗೊತ್ತಾಗಲಿಲ್ಲ. ಈ ಕಿವಿ ಆ ಸರೋವರದ ದಂಡಿ ಮ್ಯಾಲ ಹೋತು. ಅವತ್ತ ಅಂಗಡ್ಯಾಗ ನೀ ಹೇಳಿದ್ದೂ ಕೇಳಿಲ್ಲ, ಇವತ್ತ ಹೇಳಿದ್ದೂ ಕೇಳಿಲ್ಲ. ಅಂಜಿ ಯಾರಿಗೂ ಹೇಳಿಲ್ಲ.”

ಮೌಲಾಲಿ ಬಗ್ಗಿ ಆ ಕಿವಿಯನ್ನು ನೋಡಿದರು.

“ಇಷ್ಟೊತ್ತು ಅಂದಿದ್ದು, ಒಂದೂ?”

“ಒಂದೂ ಇಲ್ಲ.”

ಮೌಲಾಲಿ ಎದ್ದರು. ಕುರ್ಚಿಯನ್ನು ಎತ್ತಿಕೊಂಡು, ನಮ್ಮವರ ಬೆನ್ನ ಹಿಂದಿನಿಂದ ಸುತ್ತಿ ಬಂದು, ಬಲಗಡೆ ಇಟ್ಟರು. ಅದು ಅಲುಗಾಡಿತು, ಒಂದು ಕಾಲಿನ ಕೆಳಗೆ ಕಲ್ಲು ಸರಿಸಿ ಗಟ್ಟಿ ಮಾಡಿಕೊಂಡರು. ಕೂತರು. ಮೂಗು ಒರೆಸಿಕೊಂಡರು.

“ಲೇ, ಹಂಗಾರ ಮೊದಲಿಂದ ಬೈತೀನಿ. ಈಗ ಕೇಳಸ್ತೈತಿ?”

“ಕೇಳಸ್ತೈತಿ.”

“ಮಗನ, ಬಾವಿಗೆ ನೂಕಿದಾಗಿಂದ ಹಿಡದು ಹೇಳತೇನಿ, ಸುಮ್ಮನ ಕೇಳು” ಎಂದು ಮೌಲಾಲಿ ಶುರು ಮಾಡಿದರು. ಇದು ಬೇಗ ಮುಗಿಯುವುದಲ್ಲವೆಂದು ತಿಳಿದು ನಾನು ಮತ್ತು ಹಸೀನಾ ಅಡುಗೆಗೆ ಅಕ್ಕಿ ಆರಿಸಲು ಒಳಗೆ ಹೋದೆವು.